ಒಳಗೆ ಓಡಬೇಡ, ಪುಟ್ಟಾ

ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಾ,

ನಿನ್ನೆ ಫೋನಿನಲ್ಲಿ ನೀನು ಮಾತಿನ ನಡುವೆ ಹೇಳಿ ಮುಗಿಸಿಬಿಟ್ಟ ಸಂಗತಿ ನನಗೆ ಇನ್ನೂ ಮುಗಿದಿಲ್ಲ. ಮೊನ್ನೆ ಮಧ್ಯಾಹ್ನ ಅಂಗಡಿಯ ಸ್ವಿಚ್ ಬೋರ್ಡಿನಿಂದ ಹೊಗೆ ಬಂತು, ಕೆಳಗಿದ್ದ ಖಾಲಿ ಗೋಣಿಚೀಲಕ್ಕೆ ಬೆಂಕಿ ಹಿಡಿಯಿತು, ಎದುರು ಅಂಗಡಿಯವರು ಮರಳು ತಂದು ಸುರಿದರು, ಅಷ್ಟರಲ್ಲಿ ನೀನು ಹೊಗೆಯೊಳಗೆ ನುಗ್ಗಿ ವೈರುಗಳನ್ನು ಕಿತ್ತು ಕಂಪ್ಯೂಟರಿನ ಡಬ್ಬ ಎತ್ತಿಕೊಂಡು ಹೊರಗೆ ಬಂದೆ. "ಲೆಕ್ಕ ಎಲ್ಲಾ ಅದರಲ್ಲೇ ಇತ್ತಲ್ಲಕ್ಕಾ, ಇನ್ನೇನು ಮಾಡಲಿ?" ಅಂದೆ. ಆಮೇಲೆ ಮಗುವಿನ ಶಾಲೆಯ ಸುದ್ದಿಗೆ ಹೋದೆ. ನಾನೂ ಹೂಂಗುಟ್ಟಿದೆ. ಫೋನ್ ಇಟ್ಟ ಮೇಲೆ ಕೈ ನಡುಗತೊಡಗಿತು.

ಮೇನ್ ಸ್ವಿಚ್ ಆರಿಸಿರಲಿಲ್ಲ ಅಂತ ನೀನೇ ಹೇಳಿದೆ. ಅಂದರೆ ಕರೆಂಟು ಇದ್ದ ವೈರುಗಳನ್ನು ಹೊಗೆಯಲ್ಲಿ ಕಣ್ಣು ಕಾಣದೆ ಕಿತ್ತಿದ್ದೀಯ. ತಲೆಯ ಮೇಲೆ ಅಟ್ಟ, ಅಟ್ಟದ ತುಂಬಾ ಕೊಬ್ಬರಿ. ನನಗೆ ಗೊತ್ತಿರುವ ಒಂದು ಲೆಕ್ಕ ಇಷ್ಟೇ: ಬೆಂಕಿ ಬಿದ್ದಲ್ಲಿ ಜನ ಸಾಯುವುದು ಹೆಚ್ಚಾಗಿ ಉರಿಯಿಂದಲ್ಲ, ಹೊಗೆಯಿಂದ. ಇಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಆದದ್ದು ನಿನಗೆ ನೆನಪಿರಬಹುದು. ಅಲ್ಲೂ ಮೊದಲು ಹೊತ್ತಿದ್ದು ವಿದ್ಯುತ್ ಕೇಬಲ್ಲು. ಕೇಬಲ್ ಹೋಗುವ ಕಿಂಡಿಯ ಮೂಲಕ ಹೊಗೆ ಮೇಲಿನ ಮಹಡಿಗಳಿಗೆಲ್ಲ ತುಂಬಿಕೊಂಡಿತು. ಒಂಬತ್ತು ಜನ ಹೋದರು. ಉಸಿರುಕಟ್ಟಿ ಕೆಲವರು, ತಡೆಯಲಾರದೆ ಕಿಟಕಿಯಿಂದ ಹಾರಿ ಕೆಲವರು. ವೈರಿನ ಮೇಲಿನ ಪ್ಲಾಸ್ಟಿಕ್ ಸುಟ್ಟಾಗ ಬರುವ ಹೊಗೆಯಲ್ಲಿ ಆಮ್ಲ ಇರುತ್ತದೆ ಪುಟ್ಟಾ. ನಾಲ್ಕು ಉಸಿರು ಎಳೆದರೆ ಸಾಕು, ಮನುಷ್ಯನಿಗೆ ಬಾಗಿಲು ಯಾವ ಕಡೆ ಅನ್ನುವುದೇ ತಿಳಿಯುವುದಿಲ್ಲ.

ನಿನ್ನನ್ನು ಬೈಯೋಕೆ ಈ ಕಾಗದ ಬರೆಯುತ್ತಿಲ್ಲ. ನೀನು ಯಾಕೆ ಓಡಿದೆ ಅನ್ನುವುದು ನನಗೆ ಗೊತ್ತು. ಗಲ್ಲಾದಲ್ಲಿದ್ದ ದುಡ್ಡಿಗೆ ನೀನು ಕೈ ಹಾಕಲಿಲ್ಲ, ಕೊಬ್ಬರಿ ಕಡೆ ನೋಡಲಿಲ್ಲ, ನೇರ ಲೆಕ್ಕದ ಡಬ್ಬಕ್ಕೆ ಹೋದೆ. ಅಪ್ಪ ಇದ್ದಿದ್ದರೆ ಅವರೂ ಹಾಗೇ ಮಾಡುತ್ತಿದ್ದರೇನೋ. ಆ ಡಬ್ಬದಲ್ಲಿ ನಮಗೆ ಬರಬೇಕಾದ್ದಕ್ಕಿಂತ ನಾವು ಕೊಡಬೇಕಾದ್ದು ಜಾಸ್ತಿ ಇದೆ. ನಮ್ಮ ಹಿರೇನಲ್ಲೂರು ಸುತ್ತಿನ ಬೆಳೆಗಾರರು ಬೆಲೆ ಕಟ್ಟದೆ ನಮ್ಮಲ್ಲಿ ಬಿಟ್ಟುಹೋದ ಮಾಲು, ಮಗಳ ಮದುವೆಗೆ ಬೇಕು ಅಂತ ನಮ್ಮಲ್ಲೇ ನಿಲ್ಲಿಸಿದ ಹಣ, ಗೊಬ್ಬರಕ್ಕೆ ತೆಗೆದುಕೊಂಡ ಮುಂಗಡ, ಯಾವ ತಾರೀಖಿನಲ್ಲಿ ಎಷ್ಟು ಕ್ವಿಂಟಾಲ್ ತೂಗಿತು ಅನ್ನುವುದು. ಆ ತಾರೀಖಿನ ಬೆಲೆ ಏನು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2024ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ಮರುವರ್ಷ ತಿಪಟೂರಿನಲ್ಲಿ ದರ ಅದರ ಎರಡು ಪಟ್ಟನ್ನೂ ದಾಟಿತು. ಬೆಲೆ ಇಷ್ಟು ಓಡಾಡುವಾಗ ಒಬ್ಬ ರೈತನ ಹೆಸರಿನ ಮುಂದಿರುವ ತಾರೀಖು ಅಳಿಸಿಹೋದರೆ ಅವನ ಅರ್ಧ ವರ್ಷದ ದುಡಿಮೆಯೇ ಚರ್ಚೆಗೆ ಬೀಳುತ್ತದೆ.

ಜಿಎಸ್‌ಟಿ ರಿಟರ್ನ್ ಪೋರ್ಟಲ್‌ನಲ್ಲಿರುತ್ತದೆ, ಬ್ಯಾಂಕಿನ ವಹಿವಾಟು ಬ್ಯಾಂಕಿನಲ್ಲಿರುತ್ತದೆ, ನಾವು ಹೊರಗೆ ಕಳಿಸಿದ ಲೋಡಿನ ಇ-ವೇ ಬಿಲ್ಲು ಸಿಗುತ್ತದೆ. ಅಂಗಡಿ ಪೂರ್ತಿ ಬೂದಿಯಾದರೂ ಇವನ್ನು ಮತ್ತೆ ತೆಗೆಸಬಹುದು. ಆದರೆ ರೈತ ನೋಂದಾಯಿತ ವ್ಯಾಪಾರಿ ಅಲ್ಲ. ಅವನ ಹೆಸರಿನ ಬಾಕಿ ಯಾವ ಪೋರ್ಟಲ್‌ನಲ್ಲೂ ಇಲ್ಲ. ಅದು ಇರುವುದು ನಿನ್ನ ಮೇಜಿನ ಕೆಳಗಿನ ಆ ಒಂದು ಡಬ್ಬದಲ್ಲಿ ಮಾತ್ರ. ಅದನ್ನು ಉಳಿಸಲೇಬೇಕು, ಆ ವಿಷಯದಲ್ಲಿ ನೀನೂ ನಾನೂ ಒಂದೇ. ಉಳಿಸುವ ಕೆಲಸ ಬೆಂಕಿ ಬಿದ್ದ ಗಳಿಗೆಯಲ್ಲಿ ಮಾಡುವುದಲ್ಲ ಅಂತ ಮಾತ್ರ ನಾನು ಹೇಳುವುದು. ಮುಂದಿನ ಸಲ ಹೊಗೆ ಎದ್ದರೆ ಆ ಡಬ್ಬ ಸುಟ್ಟುಹೋಗಲಿ ಅಂತ ಬಿಟ್ಟು ನೀನು ಬೀದಿಗೆ ಇಳಿಯುವ ಹಾಗಿರಬೇಕು. ಅಷ್ಟು ನಿಶ್ಚಿಂತೆ ನಿನಗೆ ಬರಲಿ ಅಂತಲೇ ಇಷ್ಟೂ ಬರೆಯುತ್ತಿದ್ದೇನೆ.

ನೀನು ಚಿಕ್ಕವನು, ನಿನಗೆ ನೆನಪಿರಲಿಕ್ಕಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನಗೆ ಪ್ರತಿ ಅಮಾವಾಸ್ಯೆಗೆ ಒಂದು ಕೆಲಸ ಕೊಡುತ್ತಿದ್ದರು. ಅಂದು ಅಂಗಡಿ ರಜ. ಕಿರ್ದಿ ಪುಸ್ತಕ ಒಂದು ಕಡೆ, ಖಾತೆ ಪುಸ್ತಕ ಒಂದು ಕಡೆ ಇಟ್ಟುಕೊಂಡು ಜಗುಲಿಯ ಮೇಲೆ ಕೂರಿಸುತ್ತಿದ್ದರು. ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು ಅನ್ನುವುದನ್ನು ಮಾತ್ರ ಬೇರೆ ಒಂದು ನೋಟ್ ಪುಸ್ತಕಕ್ಕೆ ನಾನು ಇಳಿಸಬೇಕು. ಅಕ್ಷರ ಚೆನ್ನಾಗಿದೆ ಅಂತ ನನಗೇ ಆ ಕೆಲಸ. ಬರೆದು ಮುಗಿಸಿದ ಮೇಲೆ ಅದನ್ನು ನಮ್ಮ ಮನೆಯಲ್ಲಿ ಇಡುತ್ತಿರಲಿಲ್ಲ; ದೇವಸ್ಥಾನದ ಕಡೆ ಇರುವ ದೊಡ್ಡಪ್ಪನ ಮನೆಗೆ ಹೋಗಿ ದೊಡ್ಡಮ್ಮನ ಕೈಗೆ ಕೊಟ್ಟು ಬರಬೇಕು. ಅವರು ಅದನ್ನು ಪಾತ್ರೆ ಪೆಟ್ಟಿಗೆಯಲ್ಲಿ ಹಾಕಿ ನನಗೊಂದು ಚೂರು ಬೆಲ್ಲ ಕೊಡುತ್ತಿದ್ದರು. ಒಮ್ಮೆ ನಾನು, "ಇದನ್ನು ಅಲ್ಲಿ ಯಾಕಪ್ಪಾ ಇಡೋದು, ನಮ್ಮ ತಿಜೋರಿ ಇದೆಯಲ್ಲ?" ಅಂತ ಕೇಳಿದೆ. "ನಮ್ಮ ಮನೆ ಹೊತ್ತಿಕೊಂಡರೆ ದೊಡ್ಡಪ್ಪನ ಮನೆ ಹೊತ್ತಿಕೊಳ್ಳಲ್ಲ, ಅದಕ್ಕೆ" ಅಂದರು. ಅಷ್ಟೇ. ಅದರಾಚೆಗೆ ವಿವರಿಸಲಿಲ್ಲ.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬಂದ ಮೇಲೆ ಆ ನೋಟ್ ಪುಸ್ತಕ ನಿಂತುಹೋಯಿತು. ಟ್ಯಾಲಿಯ ಬಗ್ಗೆ ನನ್ನ ತಕರಾರಿಲ್ಲ; 1986ರಲ್ಲಿ ಇದೇ ಬೆಂಗಳೂರಲ್ಲಿ ಹುಟ್ಟಿದ ಕಂಪನಿಯದು, ನನಗೆ ಅನ್ನ ಕೊಟ್ಟ ವಿದ್ಯೆಯೂ ಅದೇ. ಗುಂಡಿ ಒತ್ತಿದರೆ ಬಾಕಿ ಪಟ್ಟಿ ಬರುವಾಗ ಕೈಯಲ್ಲಿ ಯಾಕೆ ಬರೆಯಬೇಕು ಅಂತ ನಿನಗೂ ಅನ್ನಿಸಿತು, ನನಗೂ ಅನ್ನಿಸಿತು. ಬರೆಯುವ ಶ್ರಮ ತಪ್ಪಿದ್ದು ಒಳ್ಳೆಯದೇ. ಅದರ ಜೊತೆಗೆ ದೊಡ್ಡಪ್ಪನ ಮನೆಗೆ ನಡೆದು ಹೋಗುವುದೂ ತಪ್ಪಿತು ನೋಡು, ಅಲ್ಲಿ ನಾವು ಎಡವಿದ್ದು.

"ಬ್ಯಾಕಪ್ ತಗೊಂಡು ತಿಜೋರಿಯಲ್ಲಿ ಇಟ್ಟಿದೀನಿ" ಅಂತ ನೀನು ಹೋದ ದೀಪಾವಳಿಯಲ್ಲಿ ಹೇಳಿದ್ದೆ. ಆಗ ನಾನು ಸುಮ್ಮನಿದ್ದದ್ದು ತಪ್ಪು. ಅಪ್ಪನ ತಿಜೋರಿ ಕಳ್ಳರನ್ನು ತಡೆಯುವ ತಿಜೋರಿ. ಒಳಗೆ ಹೊರಗೆ ಬರೀ ಕಬ್ಬಿಣ. ಸುತ್ತ ಬೆಂಕಿ ಇದ್ದರೆ ಅದು ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಕಾಯುತ್ತದೆ. ಬೆಂಕಿ ತಡೆಯುವ ಪೆಟ್ಟಿಗೆಗಳೇ ಬೇರೆ. ಅವುಗಳ ಗೋಡೆಯೊಳಗೆ ಶಾಖ ತಡೆಯುವ ವಸ್ತು ತುಂಬಿರುತ್ತಾರೆ. ಪರೀಕ್ಷೆ ಮಾಡುವಾಗ ಒಂದು ತಾಸಿನಲ್ಲಿ ಕುಲುಮೆಯ ಬಿಸಿಯನ್ನು ಸುಮಾರು 925 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತಾರೆ. ಅಷ್ಟು ಹೊತ್ತೂ ಒಳಗಿನ ಬಿಸಿ 177 ಡಿಗ್ರಿ ದಾಟದಿದ್ದರೆ ಆ ಪೆಟ್ಟಿಗೆ ಕಾಗದಕ್ಕೆ ಸಾಕು ಅಂತ ಲೆಕ್ಕ. ಕಂಪ್ಯೂಟರ್ ದಾಖಲೆ ಇರುವ ಡಿಸ್ಕುಗಳಿಗೆ ಆ ಮಿತಿ ಸಾಲದು. ಅವುಗಳಿಗೆಂದು ಮಾಡುವ ಪೆಟ್ಟಿಗೆಯಲ್ಲಿ ಒಳಗಿನ ಬಿಸಿ 52 ಡಿಗ್ರಿಯೊಳಗೆ ಇರಬೇಕು ಅನ್ನುವ ಮಾನದಂಡ ಇದೆ. 177 ಎಲ್ಲಿ, 52 ಎಲ್ಲಿ! ಪತ್ರ, ಕ್ರಯಪತ್ರ ಉಳಿದುಕೊಳ್ಳುವ ಪೆಟ್ಟಿಗೆಯಲ್ಲೂ ಡಿಸ್ಕು ಉಳಿಯುವುದಿಲ್ಲ. ಅದೂ ಅಲ್ಲದೆ ಕಾಗದಕ್ಕೆಂದು ಮಾಡಿದ ಪೆಟ್ಟಿಗೆಯ ಗೋಡೆ ಕಾದಾಗ ಒಳಗೆ ಆವಿ ಬಿಡುತ್ತದೆ. ಕಾಗದ ಒದ್ದೆಯಾದರೆ ಒಣಗಿಸಿ ಓದಬಹುದು, ಡಿಸ್ಕಿಗೆ ಆ ಆವಿಯೇ ಸಾಕು. ಬೇಸಿಗೆಯಲ್ಲಿ ಕಡೂರು ಸೀಮೆಯ ತಗಡಿನ ಕೆಳಗೆ ಬೆಂಕಿ ಇಲ್ಲದೆಯೇ ಎಷ್ಟು ಕಾಯುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಒಂದು ಸಣ್ಣ ಕಚೇರಿಯಲ್ಲಿ ಒಂದು ರಾತ್ರಿ ಯುಪಿಎಸ್ ಬ್ಯಾಟರಿ ಹತ್ತಿರ ಬೆಂಕಿ ಕಾಣಿಸಿಕೊಂಡಿತು. ದೊಡ್ಡ ಬೆಂಕಿಯಲ್ಲ, ಒಂದು ಕೋಣೆ, ಅರ್ಧ ತಾಸು. ಬೆಳಿಗ್ಗೆ ಹೋಗಿ ನೋಡಿದರೆ ಸ್ಟೀಲ್ ಬೀರು ಕಪ್ಪಾಗಿ ನಿಂತಿತ್ತು, ಬಾಗಿಲು ತೆಗೆದರೆ ಫೈಲುಗಳ ಅಂಚು ಕಂದಿತ್ತು, ಓದಲು ಬರುತ್ತಿತ್ತು. ಅದೇ ಬೀರುವಿನ ಮೇಲಿನ ಖಾನೆಯಲ್ಲಿ ನಾವು ಪ್ರತಿ ಶುಕ್ರವಾರ ನಿಯಮವಾಗಿ ಬ್ಯಾಕಪ್ ಇಡುತ್ತಿದ್ದ ಡಿಸ್ಕು ಸೊಟ್ಟಗಾಗಿ ಖಾನೆಗೆ ಅಂಟಿಕೊಂಡಿತ್ತು. ಮೂರು ವರ್ಷ ಒಂದು ಶುಕ್ರವಾರವನ್ನೂ ನಾನು ತಪ್ಪಿಸಿರಲಿಲ್ಲ. ಕಂಪ್ಯೂಟರು ಮೇಜಿನ ಮೇಲೆ, ಡಿಸ್ಕು ಹತ್ತು ಅಡಿ ದೂರದ ಬೀರುವಿನಲ್ಲಿ. ಎರಡಕ್ಕೂ ಒಂದೇ ಬೆಂಕಿ. ಆಮೇಲೆ ನಾಲ್ಕು ತಿಂಗಳು ಬಿಲ್ಲಿನ ಕಟ್ಟು ಹರವಿಕೊಂಡು ಮತ್ತೆ ಲೆಕ್ಕ ಕಟ್ಟಿದೆವು. ರಾತ್ರಿ ಹತ್ತಕ್ಕೆ ಬಸ್ಸು ಹತ್ತುವಾಗ ಅಪ್ಪ ಹೇಳಿದ್ದ ಆ ಮಾತು, ದೊಡ್ಡಪ್ಪನ ಮನೆ, ದೊಡ್ಡಮ್ಮನ ಬೆಲ್ಲ ಎಲ್ಲಾ ನೆನಪಾಗುತ್ತಿತ್ತು. ಬಿಲ್ಲುಗಳಲ್ಲೂ ಎಷ್ಟೋ ಕಪ್ಪಾಗಿಹೋಗಿದ್ದವು. ಮಿಷಿನ್ನಿನಿಂದ ಬರುವ ನುಣುಪು ಚೀಟಿ ಇರುತ್ತದಲ್ಲ, ನೀನು ಗೊಬ್ಬರದ ಬಿಲ್ಲು ತೆಗೆಯುವ ಮಿಷಿನ್ನಿನ ಚೀಟಿಯ ಥರದ್ದು, ಅದಕ್ಕೆ ಬೆಂಕಿ ತಾಗಬೇಕೆಂದೇ ಇಲ್ಲ. ಅದರ ಮೇಲೆ ಅಕ್ಷರ ಮೂಡುವುದೇ ಶಾಖದಿಂದ. ಕೋಣೆ ಕಾದರೆ ಇಡೀ ಚೀಟಿ ಕಪ್ಪು. ಅಂಥ ಚೀಟಿಗಳನ್ನೆಲ್ಲ ಆಯಾ ದಿನವೇ ಫೋಟೋ ತೆಗೆದು ಇಟ್ಟುಕೋ.

ನಾವು ಸಣ್ಣವರು, ನಮಗೆ ತಿಳಿಯಲಿಲ್ಲ ಅಂತ ಅಂದುಕೊಳ್ಳಬಹುದಿತ್ತು. ಆದರೆ ದೊಡ್ಡವರೂ ಇದೇ ಕಲ್ಲಿಗೆ ಎಡವಿದ್ದಾರೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಅನ್ನುವ ಕಂಪನಿಯ ಐದು ಮಹಡಿಯ ಕಂಪ್ಯೂಟರ್ ಕಟ್ಟಡ ಸುಟ್ಟುಹೋಯಿತು. ಬ್ಯಾಕಪ್‌ಗೆಂದು ಬೇರೆ ದುಡ್ಡು ಕಟ್ಟಿದ್ದ ಗಿರಾಕಿಗಳಲ್ಲೂ ಕೆಲವರಿಗೆ, ತಮ್ಮ ಮೂಲವೂ ನಕಲೂ ಒಂದೇ ಕಟ್ಟಡದಲ್ಲಿ ಇದ್ದವು ಅನ್ನುವುದು ಆಮೇಲೆ ಗೊತ್ತಾಯಿತು. ಅದು ಕೋರ್ಟಿನವರೆಗೂ ಹೋಯಿತು. ದಕ್ಷಿಣ ಕೊರಿಯಾದ ಡೇಜಾನ್ ಊರಿನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರದ ಮಾಹಿತಿ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳನ್ನು ಜಾಗ ಬದಲಾಯಿಸುವ ಕೆಲಸ ನಡೆಯುವಾಗ ಬೆಂಕಿ ಎದ್ದಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ಭಂಡಾರ ಪೂರ್ತಿ ನಾಶವಾಯಿತು: 858 ಟೆರಾಬೈಟ್. ಅದಕ್ಕೆ ಹೊರಗೆ ಎಲ್ಲೂ ಪ್ರತಿ ಇರಲಿಲ್ಲ. ಅಷ್ಟು ದೊಡ್ಡದಕ್ಕೆ ಪ್ರತಿ ಇಡುವುದು ಕಷ್ಟವಾಗಿತ್ತು ಅಂತ ಅವರು ಕಾರಣ ಕೊಟ್ಟರು. ನಮ್ಮ ಟ್ಯಾಲಿ ಫೋಲ್ಡರು ಎಷ್ಟು ದೊಡ್ಡದು ಅಂತ ಹೋದ ಸಲ ನೋಡಿದ್ದೆ. ಆರು ವರ್ಷದ ಲೆಕ್ಕ ಎಲ್ಲಾ ಸೇರಿ ಮಗು ನಿನ್ನ ಫೋನಿನಲ್ಲಿ ನೋಡುವ ಒಂದು ಸಿನಿಮಾದಷ್ಟೂ ಇಲ್ಲ. ಕೊರಿಯಾದವರಿಗಿದ್ದ ಕಾರಣ ನಮಗೆ ಇಲ್ಲ ಪುಟ್ಟಾ.

ಹಾಗಾಗಿ ಹೀಗೆ ಮಾಡೋಣ. ಎರಡು ಡಿಸ್ಕು ಬೇಕು, ಒಂದರಿಂದ ಆಗುವುದಿಲ್ಲ. ಒಂದು ಅಂಗಡಿಯಲ್ಲಿದ್ದಾಗ ಇನ್ನೊಂದು ದೊಡ್ಡಪ್ಪನ ಮನೆಯಲ್ಲಿರಬೇಕು. ನಮ್ಮ ಮನೆ ಆಗುವುದಿಲ್ಲ. ಅಂಗಡಿಗೂ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಮೇಲಿನ ತೀರು ಎರಡಕ್ಕೂ ಒಂದೇ. ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಬ್ಯಾಕಪ್ ತೆಗೆದು ಆ ಡಿಸ್ಕನ್ನು ಕೈಯಲ್ಲಿ ಹಿಡಿದು ಹೋಗಿ ಅಲ್ಲಿಟ್ಟು, ಅಲ್ಲಿದ್ದದ್ದನ್ನು ತರಬೇಕು. ಹೇಗೂ ಸಂಜೆ ಆ ಕಡೆ ಹೋಗಿ ಬರುತ್ತೀಯ. ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಡಬೇಡ. ಹಾಗೆ ಬಿಟ್ಟರೆ ಬೆಂಕಿಯಷ್ಟೇ ಅಲ್ಲ, ಕರೆಂಟು ಏರಿದರೂ ಹೋಗುತ್ತದೆ, ವೈರಸ್ ಬಂದರೂ ಎರಡೂ ಒಟ್ಟಿಗೆ ಹೋಗುತ್ತವೆ. ಇನ್ನೊಂದು ಪ್ರತಿ ಊರಿಂದಲೇ ಆಚೆ ಇರಲಿ. ಇಂಟರ್ನೆಟ್ಟಿನಲ್ಲಿ ಇಡುವ ವ್ಯವಸ್ಥೆ ನಾನು ಮಾಡುತ್ತೇನೆ. ಫೋನಿನ ಹಾಟ್‌ಸ್ಪಾಟಿನಿಂದಲೇ ಹತ್ತು ನಿಮಿಷದ ಕೆಲಸ. ಪೀಟರ್ ಕ್ರೋ ಅನ್ನುವ ಅಮೆರಿಕದ ಫೋಟೋಗ್ರಾಫರೊಬ್ಬರು ತಮ್ಮ ಚಿತ್ರಗಳನ್ನು ಕಾಪಾಡಿಕೊಳ್ಳುವ ಬಗ್ಗೆ ಬರೆಯುತ್ತಾ ಇದನ್ನೇ ಒಂದು ಸೂತ್ರ ಮಾಡಿದರು: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಇವತ್ತು ದೊಡ್ಡ ದೊಡ್ಡ ಕಂಪನಿಗಳು ಅದನ್ನೇ ಹೇಳುತ್ತವೆ. ಅದರ ಕೊನೆಯ ಭಾಗವನ್ನು ಅಪ್ಪ ಯಾರ ಪುಸ್ತಕವನ್ನೂ ಓದದೆ ಪಾಲಿಸುತ್ತಿದ್ದರು ಅಂತ ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಪಾಸ್‌ವರ್ಡ್ ವಿಷಯ ಒಂದಿದೆ, ಇದನ್ನು ಯಾರೂ ಯೋಚಿಸುವುದಿಲ್ಲ. ಇಂಟರ್ನೆಟ್ಟಿನಲ್ಲಿಟ್ಟ ಪ್ರತಿಯನ್ನು ತೆಗೆಯಲು ನಿನ್ನ ಫೋನಿಗೆ ಒಟಿಪಿ ಬರುತ್ತದೆ. ಅಂಗಡಿ ಹೊತ್ತಿದ ದಿನ ಫೋನೂ ಗಲ್ಲಾದ ಮೇಲೆಯೇ ಇದ್ದರೆ? ಟ್ಯಾಲಿ ವಾಲ್ಟಿಗೆ ಬೇರೆ ಪಾಸ್‌ವರ್ಡ್ ಇಟ್ಟಿದ್ದೀಯ. ಅದು ಮರೆತರೆ ಟ್ಯಾಲಿಯವರೂ ತೆಗೆದುಕೊಡಲು ಆಗುವುದಿಲ್ಲ. ಅದು ಈಗ ನಿನ್ನ ತಲೆಯಲ್ಲಿ ಮಾತ್ರ ಇದೆ. ನಿನ್ನ ಮನೆಯವಳಿಗೂ ಗೊತ್ತಿಲ್ಲ ಅಂತ ಅವಳೇ ನನಗೆ ಹೇಳಿದಳು. ಅದನ್ನೆಲ್ಲ ಒಂದು ಹಾಳೆಯಲ್ಲಿ ಕೈಯಾರೆ ಬರೆದು ಲಕೋಟೆಯಲ್ಲಿ ಅಂಟಿಸಿ ನನಗೆ ಕೊಡು. ಇಲ್ಲಿ ನನ್ನ ಬ್ಯಾಂಕ್ ಲಾಕರಿನಲ್ಲಿ ಇಡುತ್ತೇನೆ. ಅವಳಿಗೂ ಹೇಳಿಕೊಡು. ಅಂಗಡಿಯ ಲೆಕ್ಕ ಅವಳದ್ದೂ ಹೌದು.

ಮತ್ತೆ, ತೆಗೆದಿಟ್ಟ ಬ್ಯಾಕಪ್ ನಿಜವಾಗಿ ತೆರೆಯುತ್ತದೆಯೇ ಅಂತ ನೋಡದೆ ಇರಬೇಡ. ತಿಂಗಳಿಗೊಮ್ಮೆ ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಅದನ್ನು ಹಾಕಿ, ಯಾರಾದರೂ ಒಬ್ಬ ರೈತನ ಖಾತೆ ತೆಗೆದು, ಬಾಕಿ ಸರಿ ಇದೆಯೇ ಅಂತ ತಾಳೆ ನೋಡು. ಕಾಳು ತುಂಬಿದ ಕಣಜದ ಬಾಯಿ ತೆಗೆದು ಆಗಾಗ ಕೈ ಹಾಕಿ ನೋಡುತ್ತಿದ್ದರಲ್ಲ ಅಜ್ಜ, ಹಾಗೆ.

ಇಷ್ಟಕ್ಕಿಂತಲೂ ನನ್ನ ಮನಸ್ಸಿನಲ್ಲಿರುವುದು ಇನ್ನೊಂದು. ಅಪ್ಪ ಪ್ರತಿಯೊಬ್ಬ ಬೆಳೆಗಾರನಿಗೂ ಕೆಂಪು ರಟ್ಟಿನ ಒಂದು ಚಿಕ್ಕ ಪುಸ್ತಕ ಕೊಡುತ್ತಿದ್ದರು, ನೆನಪಿದೆಯಾ? ಮಾಲು ತಂದ ದಿನ ತೂಕ, ತಾರೀಖು, ಕೊಟ್ಟ ಹಣ, ಉಳಿದ ಹಣ ನಮ್ಮ ಖಾತೆಯಲ್ಲಿ ಬರೆದು ಅದನ್ನೇ ಆ ಪುಸ್ತಕದಲ್ಲೂ ಬರೆದು ಸಹಿ ಹಾಕುತ್ತಿದ್ದರು. ಅವರು ಅದನ್ನು ಪಂಚೆಯ ಮಡಿಲಿನಲ್ಲೋ ಮನೆಯ ತೊಲೆಯ ಸಂದಿಯಲ್ಲೋ ಇಟ್ಟುಕೊಳ್ಳುತ್ತಿದ್ದರು. ಈಗ ಎಲ್ಲ ಫೋನಿನಲ್ಲಿ ಬಾಯಿಮಾತು. ಆ ಪುಸ್ತಕವನ್ನು ಮತ್ತೆ ಶುರು ಮಾಡು. ಅಚ್ಚು ಹಾಕಿಸುವ ಖರ್ಚು ನಾನು ಕೊಡುತ್ತೇನೆ. ವಾಟ್ಸ್ಆ್ಯಪ್ ಇರುವವರಿಗೆ ತಿಂಗಳ ಕೊನೆಗೆ ಅವರ ಖಾತೆಯ ಪುಟ ಕಳಿಸಿದರೂ ಆದೀತು, ಆದರೆ ವಯಸ್ಸಾದವರಿಗೆ ಪುಸ್ತಕವೇ ಸರಿ. ನಮ್ಮ ಅಂಗಡಿ ಸುಟ್ಟರೂ ನಮ್ಮ ಲೆಕ್ಕ ನೂರು ಮನೆಗಳಲ್ಲಿ ಉಳಿಯುತ್ತದೆ. ಅದೂ ಯಾರಿಗೆ ಹಣ ಸೇರಬೇಕೋ ಅವರ ಕೈಯಲ್ಲೇ. ಡಿಸ್ಕು, ಇಂಟರ್ನೆಟ್ಟು ಎಲ್ಲಕ್ಕಿಂತ ಇದೇ ನನಗೆ ಹೆಚ್ಚು ಗಟ್ಟಿ ಅನ್ನಿಸುತ್ತದೆ.

ಯಾಕೆಂದರೆ ಬೆಂಕಿ ಸುಟ್ಟದ್ದಕ್ಕಿಂತ ಆಮೇಲೆ ಹುಟ್ಟುವ ಅನುಮಾನ ದೊಡ್ಡದು. ಇಲ್ಲಿ ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲಿ 2023ರ ಆಗಸ್ಟ್ 11ರಂದು ಬೆಂಕಿ ಬಿದ್ದು ಒಂಬತ್ತು ಮಂದಿಗೆ ಸುಟ್ಟ ಗಾಯವಾಯಿತು. ಅವರಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಆದರೆ ಅವತ್ತೇ ಸಂಜೆ ಊರ ತುಂಬಾ ಕೇಳಿದ ಪ್ರಶ್ನೆ "ಫೈಲು ಸುಟ್ಟವಾ?" ಅನ್ನುವುದು. ಸುಟ್ಟುಕೊಂಡ ಮನುಷ್ಯರ ಸುದ್ದಿಗಿಂತ ಕಡತಗಳ ಸುದ್ದಿ ಮುಂದೆ ಓಡಿತು. ಜನರ ಹಣದ ಲೆಕ್ಕ ಇರುವ ಕಡೆ ಬೆಂಕಿ ಬಿದ್ದರೆ ಆ ಪ್ರಶ್ನೆ ಹುಟ್ಟಿಯೇ ತೀರುತ್ತದೆ. ಅಪ್ಪ ನಲವತ್ತು ವರ್ಷ ಕಟ್ಟಿದ ಹೆಸರಿನ ಮುಂದೆ ಯಾರೂ ಆ ಪ್ರಶ್ನೆ ಇಡುವ ಹಾಗಾಗಬಾರದು. ಸರ್ಕಾರಕ್ಕೂ ಲೆಕ್ಕ ತೋರಿಸಬೇಕು. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ವಿಮೆಯವರ ಸರ್ವೇಯರ್ ಬಂದರೂ ಮೊದಲು ಕೇಳುವುದು ದಾಸ್ತಾನು ಪುಸ್ತಕವನ್ನೇ. ಎಷ್ಟು ಚೀಲ ಇತ್ತು ಅಂತ ತೋರಿಸುವ ಪುಸ್ತಕ ಚೀಲದ ಜೊತೆಗೇ ಸುಟ್ಟಿದ್ದರೆ ಅವರಿಗೆ ಏನು ತೋರಿಸುತ್ತೀಯ?

ಇನ್ನು ಬೆಂಕಿಯ ವಿಷಯಕ್ಕೇ ಬರುತ್ತೇನೆ. ಅಟ್ಟದ ಮೇಲೆ ಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಒಣಗಿಸುವುದು ನಮ್ಮ ಕಡೆ ತಲೆತಲಾಂತರದ ಪದ್ಧತಿ. ಕೆಳಗೆ ಮಟ್ಟೆ, ಚಿಪ್ಪು, ನಾರು, ಮೂಲೆಯಲ್ಲಿ ಗೋಣಿಚೀಲ. ಎಲ್ಲದರಲ್ಲೂ ಎಣ್ಣೆಯ ಪಸೆ. ಹಡಗಿನಲ್ಲಿ ಸಾಗಿಸುವ ಅಪಾಯದ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಗೂ ಒಂದು ಸಂಖ್ಯೆ ಇದೆ, 1363. ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿನಲ್ಲಿ ಅದನ್ನು ಇಟ್ಟಿದ್ದಾರೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ಗಾಳಿಯಾಡದ ಹಾಗೆ ರಾಶಿ ಹಾಕಿದರೆ ಒಳಗೊಳಗೇ ಬಿಸಿಯಾಗುತ್ತದೆ ಅನ್ನುವುದು ನಿನಗೂ ಗೊತ್ತು, ಚೀಲದೊಳಗೆ ಕೈ ಹಾಕಿದರೆ ತಿಳಿಯುತ್ತದೆ. ಅಂಥ ಮಾಲಿನ ಕೆಳಗೆ ಕಂಪ್ಯೂಟರು, ಪಕ್ಕದಲ್ಲಿ ಯುಪಿಎಸ್, ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಪ್ರಿಂಟರು, ಫ್ಯಾನು, ಚಾರ್ಜರು, ಸಂಜೆ ಟೀ ಕಾಯಿಸುವ ಕೆಟಲ್ಲು. ಕಂಪ್ಯೂಟರನ್ನು ಮುಂದಿನ ಕೋಣೆಗೆ, ಬೀದಿ ಬಾಗಿಲ ಹತ್ತಿರಕ್ಕೆ ತೆಗೆದುಕೊಂಡು ಬಾ. ಕೆಟಲ್ಲು ಮನೆಯಲ್ಲಿರಲಿ.

"ಎಂಸಿಬಿ ಇದೆ, ಆದರೂ ಹೇಗೆ ಹೊತ್ತಿತು?" ಅಂತ ಕೇಳಿದೆ. ಎಂಸಿಬಿ ಬೀಳುವುದು ಕರೆಂಟು ಮಿತಿ ಮೀರಿದಾಗ. ನಿನ್ನ ಬೋರ್ಡಿನಲ್ಲಿ ಆದದ್ದು ಬಹುಶಃ ಅದಲ್ಲ. ಸ್ಕ್ರೂ ಸಡಿಲವಾಗಿ ವೈರು ಅಲ್ಲಾಡುತ್ತಾ ಆ ಒಂದೇ ಜಾಗ ಕಾಯುತ್ತಾ ಬಂದಿದೆ. ಹರಿಯುವ ಕರೆಂಟು ಎಂದಿನಷ್ಟೇ ಇರುವುದರಿಂದ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಪ್ಲಗ್ ಬಿಸಿಯಾಗುವುದು, ಸಾಕೆಟ್ಟಿನ ಸುತ್ತ ಕಂದು ಬಣ್ಣ, ಪ್ಲಾಸ್ಟಿಕ್ ವಾಸನೆ ಇವೇ ಅದರ ಮುನ್ಸೂಚನೆ. ಇಲಿ ಕಡಿದ ವೈರೂ ಹಾಗೆಯೇ. ನಮ್ಮ ಊರಿನಲ್ಲಿ ನ್ಯೂಟ್ರಲ್ ಕಟ್ಟಾಗಿ ವೋಲ್ಟೇಜು ಒಮ್ಮೆಲೇ ಏರಿದ್ದು ಎಷ್ಟು ಸಲ ನೋಡಿಲ್ಲ? ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಇಡೀ ವೈರಿಂಗು ತೋರಿಸು, ಅರ್ಥಿಂಗ್ ನೋಡಿಸು, ಆರ್‌ಸಿಸಿಬಿ ಹಾಕಿಸು. ರಾತ್ರಿ ಬಾಗಿಲು ಹಾಕುವಾಗ ಅಂಗಡಿಯ ಮೇನ್ ಆರಿಸಿಯೇ ಹೋಗು. ಉಬ್ಬಿದ ಯುಪಿಎಸ್ ಬ್ಯಾಟರಿ ಒಂದು ದಿನವೂ ಒಳಗಿರಬಾರದು.

ಬೆಂಕಿ ಆರಿಸುವ ಸಿಲಿಂಡರು ಎರಡು ಬೇಕು. ಕೊಬ್ಬರಿ, ಚೀಲದ ಕಡೆಗೆ ಎಬಿಸಿ ಪುಡಿಯದ್ದು. ಕಂಪ್ಯೂಟರಿನ ಹತ್ತಿರ ಇಂಗಾಲದ ಡೈಆಕ್ಸೈಡಿನದ್ದು. ಪುಡಿ ಎರಚಿದರೆ ಬೆಂಕಿ ಆರಿದರೂ ಆ ಪುಡಿ ಯಂತ್ರದೊಳಗೆ ಕೂತು ಲೋಹವನ್ನು ತಿನ್ನುತ್ತದೆ. ಸಿಲಿಂಡರನ್ನು ಬಳಸುವುದು ಬೆಂಕಿ ಒಂದು ಬುಟ್ಟಿಯಷ್ಟು ಇರುವಾಗ, ನಿನ್ನ ಬೆನ್ನ ಹಿಂದೆ ಬಾಗಿಲು ಇರುವಾಗ ಮಾತ್ರ. ಅದಕ್ಕಿಂತ ದೊಡ್ಡದಾದರೆ ಮೇನ್ ಆರಿಸಲು ಸಾಧ್ಯವಾದರೆ ಆರಿಸಿ, ಅವ್ವನನ್ನೂ ಮಗುವನ್ನೂ ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಿ, 112ಕ್ಕೋ 101ಕ್ಕೋ ಫೋನ್ ಮಾಡು. ಗಾಡಿ ಪೇಟೆಯಿಂದ ಬರಬೇಕು, ಹೊತ್ತಾಗುತ್ತದೆ. ಹೊತ್ತಾಗಲಿ. ನೀನು ಬೀದಿಯಲ್ಲಿ ನಿಂತಿರು.

ಎಲ್ಲ ಆರಿದ ಮೇಲೆ ಉಳಿದ ಕಂಪ್ಯೂಟರನ್ನು ಆನ್ ಮಾಡಿ ನೋಡುವ ಆಸೆ ಆಗುತ್ತದೆ. ಮಾಡಬೇಡ. ಮಸಿ, ತೇವ ಒಳಗಿದ್ದಾಗ ಆನ್ ಮಾಡಿದರೆ ಉಳಿದಿದ್ದದ್ದೂ ಹೋಗುತ್ತದೆ. ಒದ್ದೆ ಡಿಸ್ಕನ್ನು ಬಿಸಿಲಿಗೆ ಇಡಬೇಡ. ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಳಿದ ಮಾಹಿತಿ ತೆಗೆಯುವವರ ಹತ್ತಿರ ಕೊಂಡೊಯ್ಯಬೇಕು. ಮೊನ್ನೆ ನೀನು ಎತ್ತಿಕೊಂಡು ಬಂದೆಯಲ್ಲ, ಆ ಡಬ್ಬವನ್ನೂ ತೆರೆಸಿ ಮಸಿ ತೆಗೆಸು. ಇವತ್ತು ಓಡುತ್ತಿದೆ ಅಂತ ನಂಬಬೇಡ. ಆಮ್ಲದ ಹೊಗೆ ತಾಗಿದ ಬೋರ್ಡು ವಾರಗಟ್ಟಲೆ ಆದ ಮೇಲೆ ಕೆಟ್ಟದ್ದನ್ನು ನೋಡಿದ್ದೇನೆ. ಈ ಕಾಗದ ಓದಿದ ಕೂಡಲೇ ಮೊದಲು ಒಂದು ಬ್ಯಾಕಪ್ ತೆಗೆ.

ನಮ್ಮ ಊರ ಮಲ್ಲಿಕಾರ್ಜುನ ದೇವಸ್ಥಾನದ ಕಡೆ ಹೋದಾಗಲೆಲ್ಲ ಹೊಯ್ಸಳರ ಕಾಲದ ಆ ಕಲ್ಲುಗಳನ್ನು ಮುಟ್ಟಿ ನೋಡುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ದಾನ ಕೊಟ್ಟ ಗದ್ದೆಯ ಎಲ್ಲೆ, ಎಣ್ಣೆಗೆ ಬಿಟ್ಟ ಹಣ ಎಲ್ಲ ಕಲ್ಲಿಗೆ ಹಾಕಿಸುತ್ತಿದ್ದರಲ್ಲ ಆಗ, ಅದೂ ಲೆಕ್ಕವೇ. ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಅಂತ ಹೆಸರಿದ್ದ ಕಾಲದಲ್ಲಿ ಬಿ.ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು ಓದಿಸಿ, ಪ್ರತಿ ತೆಗೆಸಿ, 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಇಲ್ಲಿ ಗ್ರಂಥಾಲಯದಲ್ಲಿ ಅದನ್ನು ಕೈಯಲ್ಲಿ ಹಿಡಿದ ದಿನ ಬಹಳ ಹೊತ್ತು ಕೂತಿದ್ದೆ. ಆಮೇಲೆ ಎಷ್ಟು ಕಲ್ಲು ಒಡೆದವೋ, ಎಷ್ಟು ಕಲ್ಲು ಯಾರ ಹೊಲದ ಬದುವಿಗೆ ಹೋದವೋ. ಅಕ್ಷರ ಮಾತ್ರ ನೂರು ಊರಿನ ಕಪಾಟಿನಲ್ಲಿ ಕೂತಿದೆ. ಕಲ್ಲೇ ಸಾಕಾಗಲಿಲ್ಲ ಪುಟ್ಟಾ, ಅದಕ್ಕೂ ನಕಲು ಬೇಕಾಯಿತು.

ಬರುವ ಶನಿವಾರ ಬೆಳಗಿನ ಶಿವಮೊಗ್ಗ ರೈಲು ಹತ್ತಿ ಕಡೂರಿನಲ್ಲಿ ಇಳಿಯುತ್ತೇನೆ. ನೀನು ಸ್ಟೇಷನ್ನಿಗೆ ಬರುವುದು ಬೇಡ, ಬಸ್ಸಿಗೆ ಬರುತ್ತೇನೆ; ಅಂಗಡಿಯಲ್ಲಿ ಎಲೆಕ್ಟ್ರಿಷಿಯನ್ ಇರುವ ಹಾಗೆ ನೋಡಿಕೋ. ಎರಡು ಡಿಸ್ಕು ತಂದಿಟ್ಟುಕೊಂಡಿದ್ದೇನೆ, ಗುರುತಿಗೆ ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ಹಸಿರು ಪಟ್ಟಿ ಅಂಟಿಸಿದ್ದೇನೆ. ಭಾನುವಾರ ಸಂಜೆ ನಾವಿಬ್ಬರೂ ಮಗುವನ್ನು ಕರೆದುಕೊಂಡು ದೊಡ್ಡಪ್ಪನ ಮನೆಗೆ ನಡೆದುಕೊಂಡೇ ಹೋಗೋಣ. ಡಿಸ್ಕನ್ನು ದೊಡ್ಡಮ್ಮನ ಕೈಗೆ ಮಗುವೇ ಕೊಡಲಿ. ಆ ಪಾತ್ರೆ ಪೆಟ್ಟಿಗೆ ಇನ್ನೂ ಇದೆಯಂತೆ, ಕೇಳಿದ್ದೇನೆ.

ಅವ್ವನಿಗೆ ಈ ಕಾಗದ ಓದಿ ಹೇಳಬೇಡ, ಹೆದರುತ್ತಾಳೆ. ಕೈಗೆ ಆಗಿರುವ ಸುಟ್ಟ ಗಾಯದ ಬಗ್ಗೆ ನೀನು ಹೇಳಲಿಲ್ಲ, ನಿನ್ನ ಮನೆಯವಳು ಹೇಳಿದಳು. ಡಾಕ್ಟರ ಹತ್ತಿರ ಹೋಗಿ ಡ್ರೆಸಿಂಗ್ ಬದಲಾಯಿಸಿಕೊಂಡು ಬಾ.

ಇಂತಿ ನಿನ್ನ
ಅಕ್ಕ